ಹೂವಿನಲ್ಲಿ ಎಲೆ ಕಂಡವನು, ಬಣ್ಣದಲ್ಲಿ ಎಡವಿದವನು

(ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ವಿಜ್ಞಾನ ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕಲಾವಿದರ ಒಳನೋಟ ಮತ್ತು ವಿಜ್ಞಾನಿಗಳ ವೀಕ್ಷಣೆ ನಿಸರ್ಗದ ಅಧ್ಯಯನದಲ್ಲಿ ಹೇಗೆ ಕೂಡಿಕೊಳ್ಳುತ್ತವೆ ಎಂಬುದು ಇವತ್ತಿನ ವಿಷಯ. ಇಂಥ ವಿಷಯ ಕೊಟ್ಟಾಗ ಕಲೆ ಅಂದರೆ ಹೃದಯ, ವಿಜ್ಞಾನ ಅಂದರೆ ಬುದ್ಧಿ ಎಂಬ ಮಾತುಗಳು ಸಲೀಸಾಗಿ ಬಾಯಿಗೆ ಬರುತ್ತವೆ. ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಒಬ್ಬ ಮನುಷ್ಯನನ್ನು ಹಿಡಿದುಕೊಂಡು ಹೊರಡುತ್ತೇನೆ: ಜರ್ಮನಿಯ ಮಹಾಕವಿ ಗಯಟೆ. 1749ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ 1832ರಲ್ಲಿ ವೈಮರ್‌ನಲ್ಲಿ ತೀರಿಕೊಂಡವನು.

ಅವನನ್ನೇ ಆರಿಸಿಕೊಳ್ಳಲು ಕಾರಣವಿದೆ. ಗಿಡಗಳ ವಿಷಯದಲ್ಲಿ ಅವನ ಕಣ್ಣು ಇನ್ನೂರು ವರ್ಷಗಳ ನಂತರ ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದನ್ನು ಮೊದಲೇ ಕಂಡಿತು. ಬೆಳಕಿನ ವಿಷಯದಲ್ಲಿ ಅದೇ ಕಣ್ಣು ನೂರು ವರ್ಷ ಮೊದಲೇ ತೀರ್ಮಾನವಾಗಿದ್ದನ್ನು ಒಪ್ಪದೆ ಹಟ ಹಿಡಿಯಿತು. ಎರಡೂ ಕಡೆ ಅವನು ನೆಚ್ಚಿಕೊಂಡದ್ದು ತನ್ನ ಒಳನೋಟವನ್ನು. ಒಂದು ಕಡೆ ಅದು ಫಲಿಸಿತು, ಇನ್ನೊಂದು ಕಡೆ ಕೈಕೊಟ್ಟಿತು. ಯಾಕೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿರುವ ಪ್ರಶ್ನೆ.

1775ರಲ್ಲಿ ವೈಮರ್‌ಗೆ ಬಂದಾಗ ಗಯಟೆಗೆ ಸಸ್ಯಶಾಸ್ತ್ರ ಅಷ್ಟಾಗಿ ಗೊತ್ತಿರಲಿಲ್ಲ. ಸಂಸ್ಥಾನದ ಆಡಳಿತ ಹೆಗಲಿಗೆ ಬಿದ್ದು ಕಾಡು, ತೋಟ, ಗಣಿಗಳಲ್ಲಿ ಓಡಾಡಬೇಕಾಯಿತು. ಕಾಡು ಕಾಯುವವರು, ಔಷಧಿಗೆ ಬೇರು-ನಾರು ಕೀಳುವವರು ಅವನ ಮೊದಲ ಗುರುಗಳು. ಜೊತೆಗೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನನ್ನು ಓದಿಕೊಂಡ. ತನ್ನ ಮೇಲೆ ಷೇಕ್ಸ್‌ಪಿಯರ್ ಮತ್ತು ತತ್ವಜ್ಞಾನಿ ಸ್ಪಿನೋಜಾ ಬಿಟ್ಟರೆ ಅತಿ ಹೆಚ್ಚು ಪ್ರಭಾವ ಬೀರಿದವನು ಲಿನೇಯಸ್ ಎಂದು ಮುಂದೆ ಬರೆದ. ಆದರೆ ಆ ಪ್ರಭಾವ ಆದದ್ದು ಅವನನ್ನು ಒಪ್ಪಿದ್ದರಿಂದಲ್ಲ, ಅವನೊಡನೆ ಮನಸ್ಸು ಜಗಳಕ್ಕೆ ನಿಂತದ್ದರಿಂದ. ಲಿನೇಯಸ್ ಹೂವಿನ ಕೇಸರಗಳನ್ನು ಎಣಿಸಿ ಗಿಡಗಳನ್ನು ವರ್ಗಗಳಿಗೆ ಹಂಚಿದ. ಅದು ಬಹಳ ಉಪಯುಕ್ತವಾದ ಕೆಲಸ. ಆದರೆ ಎಣಿಸಬೇಕಾದರೆ ಎಣಿಸುವ ವಸ್ತು ಮುಗಿದು ನಿಂತಿರಬೇಕು. ಗಯಟೆಯ ಕಣ್ಣಿಗೆ ಗಿಡದಲ್ಲಿ ಮುಗಿದು ನಿಂತದ್ದು ಯಾವುದೂ ಕಾಣಿಸಲಿಲ್ಲ.

1786ರ ಸೆಪ್ಟೆಂಬರ್‌ನಲ್ಲಿ ಅವನು ಯಾರಿಗೂ ಹೇಳದೆ ಇಟಲಿಗೆ ಹೊರಟ. ಆಗ ಅವನಿಗೆ ಚಿತ್ರಕಾರನಾಗುವ ಆಸೆ ಇನ್ನೂ ಬಿಟ್ಟಿರಲಿಲ್ಲ. ದಾರಿಯಲ್ಲಿ ಪದುವಾ ಊರಿನ ಸಸ್ಯೋದ್ಯಾನಕ್ಕೆ ಹೋದ; 1545ರಲ್ಲಿ ಸ್ಥಾಪನೆಯಾದ ಉದ್ಯಾನ ಅದು. ಅಲ್ಲಿ 1585ರಲ್ಲಿ ನೆಟ್ಟ ಒಂದು ಬೀಸಣಿಗೆ ತಾಳೆ ಇತ್ತು, ಈಗಲೂ ಇದೆ. ಅದರ ಬುಡದ ಎಲೆಗಳು ಸೀಳಿಲ್ಲದೆ ಈಟಿಯ ಆಕಾರದಲ್ಲಿದ್ದವು. ಅದರ ಮುಂದಿನ ಎಲೆ ಸ್ವಲ್ಪ ಸೀಳಿತ್ತು, ಅದಕ್ಕೂ ಮುಂದಿನದು ಇನ್ನಷ್ಟು. ಕೊನೆಗೆ ಪೂರ್ತಿ ಬಿಚ್ಚಿದ ಬೀಸಣಿಗೆ. ಗಯಟೆ ಮಾಲಿಯನ್ನು ಕೇಳಿಕೊಂಡು ಆ ಎಲೆಗಳನ್ನು ಕ್ರಮವಾಗಿ ಕತ್ತರಿಸಿಕೊಂಡ, ರಟ್ಟುಗಳ ನಡುವೆ ಇಟ್ಟು ಹೊತ್ತೊಯ್ದ, ಅವನ್ನು ವರ್ಷಗಟ್ಟಲೆ ಜೋಪಾನ ಮಾಡಿದ. ಒಂದು ಎಲೆಯಲ್ಲ, ಎಲೆಗಳ ಸಾಲು. ನನ್ನ ಇಡೀ ಮಾತು ಈ ಸಾಲಿನ ಸುತ್ತಲೇ ಇದೆ.

ನಿಮಗೆ ಪದುವಾ ಬೇಡ. ಒಂದು ಕುಂಡದಲ್ಲಿ ಕೊತ್ತಂಬರಿ ಬಿತ್ತಿ, ಸಾರಿಗೆ ಕೊಯ್ಯದೆ ಹೂ ಬಿಡುವ ತನಕ ಬಿಡಿ. ಮೊದಲು ಬರುವ ಎರಡು ಬೀಜದಳಗಳು ನೀಳವಾಗಿ, ಸರಳವಾಗಿರುತ್ತವೆ. ಆಮೇಲೆ ನಾವು ಸಂತೆಯಲ್ಲಿ ಕೊಳ್ಳುವ ಅಗಲವಾದ, ಅಂಚು ಕಚ್ಚಿದ ಸೊಪ್ಪು. ದಂಟು ಮೇಲೇಳುತ್ತಿದ್ದಂತೆ ಎಲೆ ಸೀಳುತ್ತ ಹೋಗುತ್ತದೆ. ಹೂಗೊಂಚಲಿನ ಹತ್ತಿರ ಬಂದಾಗ ಅದು ಬರೀ ಎಳೆ ಎಳೆ. ಕೆಳಗಿನದನ್ನೂ ಮೇಲಿನದನ್ನೂ ಬೇರೆ ಬೇರೆಯಾಗಿ ಕೈಗಿತ್ತರೆ ಎರಡೂ ಒಂದೇ ಗಿಡದ್ದು ಎಂದು ನಂಬುವುದು ಕಷ್ಟ. ಆದರೆ ಬುಡದಿಂದ ತುದಿಯವರೆಗೆ ಒಂದೊಂದೇ ಎಲೆ ಕಿತ್ತು ಕಾಗದದ ಮೇಲೆ ಸಾಲಾಗಿ ಜೋಡಿಸಿ. ಯಾವ ಎರಡು ನೆರೆಹೊರೆಯ ಎಲೆಗಳ ನಡುವೆಯೂ ದೊಡ್ಡ ಜಿಗಿತ ಇರುವುದಿಲ್ಲ.

ಈಗ ಇದನ್ನು ಚಿತ್ರ ಬರೆಯಿರಿ. ನಾಲ್ಕನೆಯದೋ ಐದನೆಯದೋ ಎಲೆ ಬರೆಯುವ ಹೊತ್ತಿಗೆ ಕೈಗೆ ಒಂದು ಸಂಗತಿ ಗೊತ್ತಾಗುತ್ತದೆ: ಮುಂದಿನ ಎಲೆ ಹೇಗಿರಬೇಕು ಎಂದು ಅದು ಊಹಿಸತೊಡಗುತ್ತದೆ. ಈ ಊಹೆಗೇ ನಾನು ಕಲಾವಿದರ ಒಳನೋಟ ಎನ್ನುತ್ತೇನೆ. ಅದು ಆಕಾಶದಿಂದ ಇಳಿದದ್ದಲ್ಲ. ಹಿಂದಿನ ನಾಲ್ಕು ಎಲೆಗಳನ್ನು ಒಂದು ಗೆರೆಯನ್ನೂ ಬಿಡದೆ ನೋಡಿದ್ದರ ಫಲ. ಮುಂದಿನ ಎಲೆ ಎದುರಿಗೇ ಇದೆ. ಕೈಯ ಊಹೆ ಸರಿಯೋ ತಪ್ಪೋ ಎಂದು ಅದು ಹೇಳಿಬಿಡುತ್ತದೆ. ಗಯಟೆ ಈ ಅಭ್ಯಾಸವನ್ನು ಮನಸ್ಸಿನೊಳಗೂ ಮಾಡುತ್ತಿದ್ದ. ಕಣ್ಣು ಮುಚ್ಚಿ, ತಲೆ ಬಾಗಿಸಿ, ಒಂದು ಹೂವನ್ನು ಕಲ್ಪಿಸಿಕೊಂಡರೆ ಅದರೊಳಗಿಂದ ಹೊಸ ಹೂಗಳು ಬಿಚ್ಚಿಕೊಳ್ಳುತ್ತ ಹೋಗುತ್ತಿದ್ದವು ಎಂದು ಬರೆದಿದ್ದಾನೆ. ಹಾಗೆ ಕಂಡವು ನಿಜವಾದ ಹೂಗಳಲ್ಲ, ಕಲ್ಪನೆಯ ಹೂಗಳು ಎಂದು ಅವನೇ ಎಚ್ಚರದಿಂದ ಸೇರಿಸುತ್ತಾನೆ. ಆ ಎಚ್ಚರ ನನಗೆ ಮುಖ್ಯ.

1787ರ ಏಪ್ರಿಲ್‌ನಲ್ಲಿ ಸಿಸಿಲಿಯ ಪಲೆರ್ಮೊ ಊರಿನ ಉದ್ಯಾನದಲ್ಲಿ ಓಡಾಡುವಾಗ ಅವನಿಗೆ ಒಂದು ಹುಚ್ಚು ಹಿಡಿಯಿತು: ಇಷ್ಟೆಲ್ಲ ಗಿಡಗಳ ನಡುವೆ ಎಲ್ಲಕ್ಕೂ ಮೂಲವಾದ ಆದಿಗಿಡ ಒಂದು ಇಲ್ಲೇ ಎಲ್ಲಾದರೂ ಸಿಕ್ಕೀತೇ? ಅಂಥ ಗಿಡ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಆದರೆ ಹುಡುಕಾಟ ಬೇರೆ ಕಡೆ ತಿರುಗಿತು. ಎಲ್ಲ ಗಿಡಗಳಿಗೂ ಮೂಲವಾದ ಒಂದು ಗಿಡದ ಬದಲು, ಒಂದು ಗಿಡದ ಎಲ್ಲ ಭಾಗಗಳಿಗೂ ಮೂಲವಾದ ಒಂದು ಅಂಗ ಇದೆಯೇ ಎಂದು ಕೇಳತೊಡಗಿದ. ಟಿಪ್ಪಣಿ ಪುಸ್ತಕದಲ್ಲಿ ‘ಎಲ್ಲವೂ ಎಲೆಯೇ’ ಎಂದು ಗುರುತು ಹಾಕಿಕೊಂಡ, ಅದರ ಪಕ್ಕದಲ್ಲಿ ಇದು ಊಹೆ ಎಂದೂ ಬರೆದುಕೊಂಡ.

ಕೊತ್ತಂಬರಿ ಸಾಲಿನಲ್ಲಿ ಎಲೆ ಎಲೆಯಾಗಿಯೇ ಉಳಿಯಿತು. ಗಯಟೆ ಆ ಸಾಲನ್ನು ಹೂವಿನೊಳಕ್ಕೂ ಎಳೆದ. ಬೀಜದಳ, ಎಲೆ, ಹೂವಿನ ಹೊರಗಿನ ಹಸಿರು ಪುಷ್ಪಪತ್ರ, ಬಣ್ಣದ ದಳ, ಕೇಸರ, ನಡುವಿನ ಶಲಾಕೆ (ಬೀಜ ಕಟ್ಟುವ ಹೆಣ್ಣು ಭಾಗ), ಎಲ್ಲವೂ ಒಂದೇ ಅಂಗದ ರೂಪಾಂತರಗಳು. ಆ ಅಂಗ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ: ಎಲೆಯಲ್ಲಿ ಹಿಗ್ಗಿದ್ದು ಪುಷ್ಪಪತ್ರದಲ್ಲಿ ಕುಗ್ಗುತ್ತದೆ, ದಳದಲ್ಲಿ ಮತ್ತೆ ಹಿಗ್ಗಿ ಕೇಸರ-ಶಲಾಕೆಗಳಲ್ಲಿ ಕುಗ್ಗುತ್ತದೆ, ಹಣ್ಣಿನಲ್ಲಿ ಹಿಗ್ಗಿ ಬೀಜದಲ್ಲಿ ಕುಗ್ಗುತ್ತದೆ.

ಇದು ಕವಿಕಲ್ಪನೆ ಎಂದು ತಳ್ಳಿಹಾಕುವುದು ಸುಲಭವಿತ್ತು. ಅವನು ಅದಕ್ಕೆ ಅವಕಾಶ ಕೊಡದಂತೆ ಪುರಾವೆ ಕೂಡಿಸಿದ ರೀತಿ ನೋಡಿ. ಒಂದು ರೂಪ ಇನ್ನೊಂದಕ್ಕೆ ತಿರುಗುವಾಗ ನಡುದಾರಿಯಲ್ಲಿ ಸಿಕ್ಕಿಬಿದ್ದ ಅಂಗಗಳನ್ನು ಹುಡುಕಿದ. ಅರ್ಧ ಹಸಿರು, ಅರ್ಧ ಬಣ್ಣ ತುಂಬಿದ ಟುಲಿಪ್ ದಳ ಅವನಿಗೆ ಸಿಕ್ಕಿತು. ನಮ್ಮ ಕೆರೆಗಳ ನೈದಿಲೆಯನ್ನು ಹೊರಗಿನಿಂದ ಒಳಕ್ಕೆ ಬಿಡಿಸುತ್ತ ಹೋಗಿ: ಅಗಲ ದಳ ಕಿರಿದಾಗುತ್ತ, ತುದಿಯಲ್ಲಿ ಹಳದಿ ಪರಾಗಕೋಶ ಹೊತ್ತುಕೊಂಡು, ನೋಡನೋಡುತ್ತ ಕೇಸರವಾಗಿಬಿಡುತ್ತದೆ. ಎಲ್ಲಿ ದಳ ಮುಗಿದು ಕೇಸರ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಹಿತ್ತಿಲಿನ ಒತ್ತುದಳದ ದಾಸವಾಳದಲ್ಲಿ ಒಳಗಿನ ಪುಟ್ಟ ದಳಗಳ ಅಂಚಿಗೆ ಪರಾಗಕೋಶ ಅಂಟಿಕೊಂಡಿರುವುದನ್ನು ದೇವರಿಗೆ ಹೂ ಕೊಯ್ಯುವವರೆಲ್ಲ ಕಂಡಿರುತ್ತಾರೆ. ಕೇಸರವಾಗಬೇಕಾದದ್ದು ದಳವಾಗಿದೆ. ಕಾಗದದ ಹೂ ಎಂದು ನಾವು ಕರೆಯುವ ಬೋಗನ್‌ವಿಲ್ಲಾದಲ್ಲಿ ಬಣ್ಣ ತುಂಬಿರುವುದು ಹೂವಿನ ದಳಕ್ಕಲ್ಲ. ಬಣ್ಣ ತುಂಬಿದ ಮೂರು ಎಲೆಗಳ ನಡುವೆ ಕೊಳವೆಯಂಥ ಪುಟ್ಟ ಹೂಗಳು ಬೇರೆಯೇ ಇವೆ. ಎಲೆ ದಳದ ಕೆಲಸ ಮಾಡಬಲ್ಲದು ಎಂಬುದಕ್ಕೆ ಬೀದಿಬೀದಿಯ ಕಾಂಪೌಂಡ್ ಗೋಡೆಯ ಮೇಲೆ ಸಾಕ್ಷಿ ಇದೆ.

ಎಲ್ಲಕ್ಕಿಂತ ಅವನನ್ನು ಹಿಡಿದು ನಿಲ್ಲಿಸಿದ್ದು ವಿಕೃತ ಹೂಗಳು. ಒಂದು ಗುಲಾಬಿ: ನಡುವೆ ಕೇಸರ, ಶಲಾಕೆ ಇರಬೇಕಾದ ಜಾಗದಲ್ಲಿ ಹೊಸ ದಂಟೊಂದು ಎದ್ದು, ಅದರ ಮೇಲೆ ಮತ್ತೆ ದಳ, ಮತ್ತೆ ಹಸಿರೆಲೆ. ತೋಟಗಾರರು ಕಿತ್ತು ಬಿಸಾಡುವಂಥದ್ದು. ಸಾಮಾನ್ಯ ಹೂವಿನಲ್ಲಿ ಮುಚ್ಚಿಕೊಂಡಿರುವ ನಿಯಮ ಇಲ್ಲಿ ಬಯಲಾಗಿದೆ ಎಂದು ಗಯಟೆ ಓದಿಕೊಂಡ. ಮುಂದಕ್ಕೆ ಹೋಗುವ ಗಿಡ ಹಿಂದಕ್ಕೂ ಹೋಗಬಲ್ಲದು ಎಂದಾದರೆ ಎರಡೂ ತುದಿ ಒಂದೇ ದಾರಿಯಲ್ಲಿವೆ ಎಂದಾಯಿತು.

1790ರಲ್ಲಿ ಇದನ್ನೆಲ್ಲ 123 ಸಣ್ಣ ಪರಿಚ್ಛೇದಗಳ ಒಂದು ಪುಸ್ತಿಕೆಯಾಗಿ ತಂದ. ಅವನ ಕೃತಿಗಳನ್ನು ಅಚ್ಚು ಹಾಕುತ್ತಿದ್ದ ಪ್ರಕಾಶಕ ಇದನ್ನು ಒಲ್ಲೆ ಅಂದ, ಬೇರೆಯವರಲ್ಲಿ ಅಚ್ಚಾಯಿತು. ಕವಿಗೆ ಯಾಕೆ ಸಸ್ಯಶಾಸ್ತ್ರ ಎಂದು ಓದುಗರು ಮುಖ ತಿರುಗಿಸಿದರು. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು: ಕಾಸ್ಪರ್ ಫ್ರೀಡ್ರಿಖ್ ವೋಲ್ಫ್ ಎಂಬ ಭ್ರೂಣಶಾಸ್ತ್ರಜ್ಞ ಗಯಟೆಗಿಂತ ಮೊದಲೇ ಸೂಕ್ಷ್ಮದರ್ಶಕದಡಿ ಮೊಗ್ಗುಗಳನ್ನು ಬಿಡಿಸಿ, ಹೂವಿನ ಭಾಗಗಳು ಮಾರ್ಪಟ್ಟ ಎಲೆಗಳು ಎಂದು ಬರೆದಿದ್ದ. ಗಯಟೆಗೆ ಅದು ತಿಳಿದದ್ದು ಆಮೇಲೆ. ತಿಳಿದ ಮೇಲೆ ತನಗಿಂತ ಮೊದಲು ಈ ದಾರಿ ನಡೆದವನು ಎಂದು ಅವನನ್ನು ಸಂತೋಷದಿಂದಲೇ ನೆನೆದು ಬರೆದ.

1794ರ ಜುಲೈಯಲ್ಲಿ ಯೇನಾ ಊರಿನ ನಿಸರ್ಗ ಸಂಶೋಧನಾ ಸಂಘದ ಸಭೆ ಮುಗಿಸಿ ಗಯಟೆ ಮತ್ತು ಕವಿ ಷಿಲ್ಲರ್ ಒಟ್ಟಿಗೆ ಹೊರಬಂದರು. ನಿಸರ್ಗವನ್ನು ಚೂರು ಚೂರಾಗಿಸಿ ನೋಡುವ ಕ್ರಮ ತನಗೆ ರುಚಿಸದು ಎಂದು ಷಿಲ್ಲರ್ ಅಂದ. ಮಾತು ಬೆಳೆಯಿತು, ಷಿಲ್ಲರನ ಮನೆಯೊಳಕ್ಕೂ ಹೋಯಿತು. ಗಯಟೆ ಲೇಖನಿ ತೆಗೆದು ನಾಲ್ಕಾರು ಗೆರೆಗಳಲ್ಲಿ ತನ್ನ ಗಿಡವನ್ನು ಬರೆದು ತೋರಿಸಿದ. ಷಿಲ್ಲರ್ ತಲೆಯಾಡಿಸಿ, ಇದು ಅನುಭವವಲ್ಲ, ಬರೀ ಪರಿಕಲ್ಪನೆ ಎಂದ. ಗಯಟೆಗೆ ಸಿಟ್ಟು ಬಂತು. ಗೊತ್ತಿಲ್ಲದೆಯೇ ನನ್ನಲ್ಲಿ ಪರಿಕಲ್ಪನೆಗಳಿದ್ದು, ಅವನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ ಎಂದಾದರೆ ಅದು ಸಂತೋಷದ ವಿಷಯವೇ ಎಂಬರ್ಥದ ಉತ್ತರ ಕೊಟ್ಟ. ಅಲ್ಲಿಂದ ಅವರಿಬ್ಬರ ದೊಡ್ಡ ಸ್ನೇಹ ಶುರುವಾಯಿತು. ನನ್ನ ಮಟ್ಟಿಗೆ ಇಬ್ಬರೂ ಹೇಳಿದ್ದು ನಿಜ. ಕಾಗದದ ಮೇಲಿದ್ದದ್ದು ಪರಿಕಲ್ಪನೆ. ಆದರೆ ನೂರಾರು ಎಲೆಗಳನ್ನು ಸಾಲು ಹಿಡಿದು ನೋಡಿದ ಮೇಲೆ ಅದು ಕಣ್ಣಿಗೇ ಕಾಣುತ್ತದೆ.

ಆಮೇಲೆ ಇನ್ನೂರು ವರ್ಷ ಕಳೆದವು. ಇಂಗ್ಲೆಂಡಿನ ನಾರಿಚ್‌ನಲ್ಲಿ ಎನ್ರಿಕೊ ಕೋಯೆನ್ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಲಿಯಟ್ ಮೇಯರೋವಿಟ್ಜ್, ಒಬ್ಬರು ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಮೇಲೆ, ಇನ್ನೊಬ್ಬರು ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಮೇಲೆ ಕೆಲಸ ಮಾಡುತ್ತಿದ್ದರು. 1991ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಪ್ರಕಟಿಸಿದರು. ಅದರ ತಿರುಳು ಸರಳ. ಹೂವಿನ ಅಂಗಗಳನ್ನು ನಿರ್ಧರಿಸುವ ಜೀನುಗಳು ಮೂರು ಗುಂಪು: ಎ, ಬಿ, ಸಿ. ಎ ಒಂದೇ ಕೆಲಸ ಮಾಡಿದರೆ ಪುಷ್ಪಪತ್ರ. ಎ ಮತ್ತು ಬಿ ಸೇರಿದರೆ ದಳ. ಬಿ ಮತ್ತು ಸಿ ಸೇರಿದರೆ ಕೇಸರ. ಸಿ ಒಂದೇ ಇದ್ದರೆ ಶಲಾಕೆ. ಸಿ ಕೆಟ್ಟುಹೋದ ಗಿಡದಲ್ಲಿ ಕೇಸರದ ಜಾಗದಲ್ಲಿ ದಳ ಬರುತ್ತದೆ, ನಡುವೆ ಶಲಾಕೆಯ ಬದಲು ಮತ್ತೊಂದು ಹೂ ಶುರುವಾಗುತ್ತದೆ, ಹೂವಿನೊಳಗೆ ಹೂವಾಗಿ ಹೋಗುತ್ತಲೇ ಇರುತ್ತದೆ. ಗಯಟೆ ದಿಟ್ಟಿಸುತ್ತ ಕೂತಿದ್ದ ಗುಲಾಬಿಯ ನೆಂಟ ಇದು. ಇನ್ನು ಮೂರೂ ಗುಂಪು ಕೆಟ್ಟುಹೋದರೆ? ಹೂ ಬರಬೇಕಾದ ಕಡೆ ಹಸಿರೆಲೆಯಂಥ ಅಂಗಗಳೇ ಸುತ್ತು ಸುತ್ತಾಗಿ ಬಂದವು.

ಈ ಜಾಗದಲ್ಲಿ ಕೆಲವರು ಕವಿ ಗೆದ್ದ ಎಂದು ಚಪ್ಪಾಳೆ ತಟ್ಟುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಯಟೆಗೆ ಜೀನು ಗೊತ್ತಿರಲಿಲ್ಲ. ರಸ ಶುದ್ಧವಾಗುತ್ತ ಹೋಗುವುದರಿಂದ ಎಲೆ ಹೂವಾಗುತ್ತದೆ ಎಂದು ಅವನು ಕೊಟ್ಟ ಕಾರಣ ನಿಲ್ಲಲಿಲ್ಲ. ಕಾರಣ ಬಿತ್ತು, ಕಂಡದ್ದು ಉಳಿಯಿತು. ಕಲಾವಿದರ ಕಣ್ಣು ಕೊಡಬಲ್ಲದ್ದು ಇದನ್ನೇ: ಯಾವುದು ಯಾವುದರ ಜೊತೆ ಸೇರುತ್ತದೆ ಎಂಬ ಹೋಲಿಕೆಯನ್ನು, ಸರಿಯಾದ ಪ್ರಶ್ನೆಯನ್ನು. ದಳವೂ ಕೇಸರವೂ ಒಂದೇ ಮೂಲದವು ಎಂದು ಯಾರೂ ಅಂದಿರದಿದ್ದರೆ ವಿಕೃತ ಹೂಗಳನ್ನು ಸಾಲಾಗಿ ಇಟ್ಟು ಜೀನು ಹುಡುಕುವ ಯೋಚನೆಗೆ ಅಷ್ಟು ಗಟ್ಟಿಯಾದ ನೆಲ ಇರುತ್ತಿರಲಿಲ್ಲ.

ಇನ್ನು ಬಣ್ಣ.

1777ರ ಚಳಿಗಾಲದಲ್ಲಿ ಗಯಟೆ ಹಾರ್ಟ್ಸ್ ಬೆಟ್ಟಗಳ ಬ್ರೋಕೆನ್ ಶಿಖರ ಹತ್ತಿ ಸಂಜೆ ಇಳಿಯುತ್ತಿದ್ದ. ಸುತ್ತ ಹಿಮ. ಹಗಲಿನಲ್ಲಿ ಹಿಮ ತುಸು ಹಳದಿ, ನೆರಳು ತುಸು ನೇರಳೆ. ಸೂರ್ಯ ಇಳಿದಂತೆ ಹಿಮಕ್ಕೆ ಕಿತ್ತಳೆ ಏರಿತು, ನೆರಳಿಗೆ ಗಾಢ ನೀಲಿ. ಮುಳುಗುವ ಹೊತ್ತಿಗೆ ಎಲ್ಲೆಲ್ಲೂ ಕಡುಗೆಂಪು, ನೆರಳು ಪಚ್ಚೆ ಹಸಿರು. ಇನ್ನೊಮ್ಮೆ ಒಂದು ಛತ್ರದಲ್ಲಿ ಬಿಳಿ ಮುಖ, ಕಪ್ಪು ಕೂದಲು, ಕಡುಗೆಂಪು ರವಿಕೆಯ ಹೆಣ್ಣುಮಗಳನ್ನು ದಿಟ್ಟಿಸಿ ನೋಡಿದ. ಅವಳು ಸರಿದ ಮೇಲೆ ಎದುರಿನ ಬಿಳಿ ಗೋಡೆಯಲ್ಲಿ ಕಪ್ಪು ಮುಖ, ಸುತ್ತ ಬೆಳಕು, ಸಮುದ್ರ ಹಸಿರಿನ ಉಡುಪು ಕಾಣಿಸಿತು. ಕಣ್ಣು ಬಣ್ಣವನ್ನು ಸುಮ್ಮನೆ ಪಡೆದುಕೊಳ್ಳುವುದಿಲ್ಲ, ತಾನೂ ಅದರ ಜೋಡಿ ಬಣ್ಣವನ್ನು ಹುಟ್ಟಿಸುತ್ತದೆ ಎಂದು ಇಂಥ ನೂರಾರು ಸಂಗತಿಗಳಿಂದ ಅವನು ಕಂಡುಕೊಂಡ. ಈ ಭಾಗ ಅಪ್ಪಟ ಚಿನ್ನ. ದೃಷ್ಟಿಯ ಬಗ್ಗೆ ಕೆಲಸ ಮಾಡಿದ ಹತ್ತೊಂಬತ್ತನೇ ಶತಮಾನದ ಶರೀರವಿಜ್ಞಾನಿಗಳು ಇದನ್ನು ಗೌರವದಿಂದ ಎತ್ತಿಕೊಂಡರು. ಕೆಂಪಿಗೆ ಹಸಿರು, ನೀಲಿಗೆ ಹಳದಿ ಎದುರಾಳಿಗಳಾಗಿ ಕೆಲಸ ಮಾಡುತ್ತವೆ ಎಂಬ, ಅವರಲ್ಲೊಬ್ಬನಾದ ಹೇರಿಂಗ್‌ನ ಸಿದ್ಧಾಂತ ಇದೇ ದಾರಿಯಲ್ಲಿ ಬಂದದ್ದು.

ಎಡವಿದ್ದು ಪ್ರಿಸಂ ಎಂಬ ಗಾಜಿನ ಪಟ್ಟಕ ಕೈಗೆ ಬಂದಾಗ. ಯೇನಾದ ಬ್ಯುಟ್ನರ್ ಎಂಬವನಿಂದ ಎರವಲು ತಂದಿದ್ದ ಪ್ರಿಸಂಗಳನ್ನು ಹಿಂತಿರುಗಿಸುವ ಮೊದಲು ಒಂದು ಸಲ ಕಣ್ಣಿಗೆ ಹಿಡಿದು ಬಿಳಿ ಗೋಡೆ ನೋಡಿದ. ನ್ಯೂಟನ್ ಹೇಳಿದಂತೆ ಬಿಳಿ ಒಡೆದು ಬಣ್ಣಗಳಾಗಬೇಕಿತ್ತು ಎಂದು ಅವನ ನಿರೀಕ್ಷೆ. ಗೋಡೆ ಬಿಳಿಯಾಗಿಯೇ ಉಳಿಯಿತು. ಕಪ್ಪು ಬಿಳಿ ಸಂಧಿಸುವ ಅಂಚಿನಲ್ಲಿ ಮಾತ್ರ ಬಣ್ಣ. ಆ ಕ್ಷಣವೇ, ಸಹಜ ಪ್ರೇರಣೆಯಿಂದೆಂಬಂತೆ, ನ್ಯೂಟನ್ ತಪ್ಪು ಎಂದು ಗಟ್ಟಿಯಾಗಿ ಹೇಳಿಕೊಂಡೆ ಎಂದು ಅವನೇ ಬರೆದಿದ್ದಾನೆ.

ಅವನು ಕಂಡದ್ದು ನಿಜ. ನೀವು ನೋಡಿದರೂ ಹಾಗೆಯೇ ಕಾಣುತ್ತದೆ. ಆದರೆ ನ್ಯೂಟನ್ ಹೇಳಿದ್ದರ ಪ್ರಕಾರವೂ ಹಾಗೆಯೇ ಕಾಣಬೇಕು. ಅಗಲವಾದ ಬಿಳಿ ಗೋಡೆಯ ಒಂದೊಂದು ಬಿಂದುವಿನಿಂದ ಹೊರಟ ಬೆಳಕೂ ಬಣ್ಣಗಳಾಗಿ ಹರಡುತ್ತದೆ. ಅಕ್ಕಪಕ್ಕದ ಬಿಂದುಗಳ ಬಣ್ಣಗಳು ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯಾಗುತ್ತವೆ. ಅಂಚಿನಲ್ಲಿ ಪಕ್ಕದ ಬಿಂದು ಇಲ್ಲವಾದ್ದರಿಂದ ಬಣ್ಣ ಉಳಿದು ಕಾಣುತ್ತದೆ. ಈ ವಿವರಣೆಯನ್ನು ಗಯಟೆಗೆ ಪರಿಚಯದ ಭೌತಶಾಸ್ತ್ರಜ್ಞರು ಆಗಲೇ ಹೇಳಿದರು. ಅವನು ಕೇಳಿಸಿಕೊಳ್ಳಲಿಲ್ಲ. ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬೆಳಕನ್ನು ನುಗ್ಗಿಸುವುದೇ ನಿಸರ್ಗಕ್ಕೆ ಕೊಡುವ ಚಿತ್ರಹಿಂಸೆ ಎಂದು ವಾದಿಸಿದ. 1810ರಲ್ಲಿ ಹೊರಬಂದ ಅವನ ವರ್ಣಸಿದ್ಧಾಂತದ ದೊಡ್ಡ ಗ್ರಂಥದಲ್ಲಿ ಒಂದು ಇಡೀ ಭಾಗ ನ್ಯೂಟನ್ನನ ಖಂಡನೆಗೇ ಮೀಸಲು. ಮುಪ್ಪಿನಲ್ಲಿ, ತನ್ನ ಕಾವ್ಯಕ್ಕಿಂತ ಈ ಕೆಲಸವೇ ತನಗೆ ಹೆಮ್ಮೆ ಎಂದು, ತನ್ನ ಮಾತುಗಳನ್ನು ಬರೆದಿಡುತ್ತಿದ್ದ ಆಪ್ತ ಎಕರ್ಮನ್‌ನೊಡನೆ ಹೇಳಿದ.

ಇದರಲ್ಲಿ ನನಗೆ ನಿಜವಾಗಿ ನೋವಾಗುವ ಸಂಗತಿ ಒಂದಿದೆ. 1792ರಲ್ಲಿ ಅವನೇ ಪ್ರಯೋಗದ ಬಗ್ಗೆ ಒಂದು ಪ್ರಬಂಧ ಬರೆದ. ಅನುಭವದಿಂದ ತೀರ್ಪಿಗೆ ದಾಟುವ ಇಕ್ಕಟ್ಟಿನ ದಾರಿಯಲ್ಲಿ ಮನುಷ್ಯನ ಒಳಗಿನ ಶತ್ರುಗಳೆಲ್ಲ ಹೊಂಚಿ ಕೂತಿರುತ್ತಾರೆ ಎಂದು ಅದರಲ್ಲಿ ಎಚ್ಚರಿಸುತ್ತಾನೆ: ಕಲ್ಪನೆ, ಅಸಹನೆ, ಆತುರ, ಆತ್ಮತೃಪ್ತಿ. ಒಂಟಿ ಪ್ರಯೋಗದಿಂದ ಏನನ್ನೂ ಸಾಧಿಸಲು ಹೊರಡಬೇಡಿ, ಪಕ್ಕಪಕ್ಕದ ಪ್ರಯೋಗಗಳನ್ನು ಸಾಲಾಗಿ ಜೋಡಿಸಿ ಎನ್ನುತ್ತಾನೆ. ಗಿಡಗಳಲ್ಲಿ ಅವನು ಮಾಡಿದ್ದು ಅದನ್ನೇ. ಪ್ರಿಸಂ ಹಿಡಿದಾಗ ತೀರ್ಪು ಮೊದಲು ಬಂತು. ಮುಂದಿನ ಇಪ್ಪತ್ತು ವರ್ಷಗಳ ನೂರಾರು ಪ್ರಯೋಗಗಳು ಆ ತೀರ್ಪನ್ನು ಕಾಯಲು ನಿಂತವು. ಕವಿಯಾದ್ದರಿಂದ ಸೋತ ಎಂದು ಭೌತಶಾಸ್ತ್ರದವರು ಅನ್ನುವುದುಂಟು. ಗಿಡದಲ್ಲಿ ಗೆದ್ದಾಗಲೂ ಅವನು ಕವಿಯೇ ಆಗಿದ್ದನಲ್ಲ! ಗಿಡಕ್ಕೆ ‘ಅಲ್ಲ’ ಎನ್ನುವ ಅವಕಾಶ ಕೊಟ್ಟಿದ್ದ, ಬೆಳಕಿಗೆ ಕೊಡಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ. ಇವತ್ತು ಗಯಟೆಯನ್ನು ಸಮಗ್ರ ದೃಷ್ಟಿಯ ಋಷಿಯಾಗಿಸಿ, ನ್ಯೂಟನ್ನನನ್ನು ಜಡವಾದಿಯಾಗಿಸಿ ಬರೆಯುವ ಒಂದು ಪಂಥವೇ ಇದೆ. ಅವರು ಗಯಟೆಗೆ ಉಪಕಾರ ಮಾಡುತ್ತಿಲ್ಲ.

ಇನ್ನೊಬ್ಬರೂ ಪ್ರಿಸಂ ಹಿಡಿದು ದೊಡ್ಡ ವಿಜ್ಞಾನಿಯ ಮಾತನ್ನು ಪ್ರಶ್ನಿಸಿದರು. ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ‘ನರ್ಕುಂಡಾ’ ಹಡಗಿನಲ್ಲಿ ಹಿಂತಿರುಗುವಾಗ ಮೆಡಿಟರೇನಿಯನ್ ಕಡಲಿನ ನೀಲಿಗೆ ಮನಸೋತರು. ಕಡಲ ನೀಲಿ ಎಂದರೆ ನೀರಿನಲ್ಲಿ ಪ್ರತಿಫಲಿಸಿದ ಆಕಾಶದ ನೀಲಿ, ಅಷ್ಟೇ ಎಂದು ಬ್ರಿಟಿಷ್ ಭೌತಶಾಸ್ತ್ರಜ್ಞ ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಬಳಿ ನಿಕಲ್ ಪ್ರಿಸಂ ಇತ್ತು. ನೀರಿನ ಮೇಲಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕನ್ನು ಅದು ನಂದಿಸಿಬಿಡಬಲ್ಲದು. ರ‍್ಯಾಲೆ ಸರಿಯಾಗಿದ್ದರೆ ಪ್ರತಿಫಲನ ನಂದಿದೊಡನೆ ನೀಲಿಯೂ ಹೋಗಬೇಕು. ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀಲಿ ನೀರಿನ ಒಳಗಿನದು. ಹಡಗು ಮುಂಬೈ ಬಂದರು ತಲುಪಿದಾಗ ‘ನೇಚರ್’ ಪತ್ರಿಕೆಗೆ ಟಿಪ್ಪಣಿ ಸಿದ್ಧವಿತ್ತು.

ನೀಲಿಗೆ ಮನಸೋಲದವರು ಆ ಪ್ರಿಸಂ ಎತ್ತುತ್ತಲೇ ಇರಲಿಲ್ಲ. ಆದರೆ ಎತ್ತಿದ್ದು ಸೋಲಲೂ ಸಾಧ್ಯವಿದ್ದ ಪರೀಕ್ಷೆಗಾಗಿ. ಅಲ್ಲಿಂದ ಏಳು ವರ್ಷ ಕೋಲ್ಕತ್ತದಲ್ಲಿ ವಿದ್ಯಾರ್ಥಿಗಳೊಡನೆ ದ್ರವಗಳಲ್ಲಿ ಬೆಳಕು ಚೆದುರುವುದನ್ನು ಅಳೆಯುತ್ತ ಹೋಗಿ, 1928ರ ಫೆಬ್ರವರಿ 28ಕ್ಕೆ, ಚೆದುರಿದ ಬೆಳಕಿನ ಒಂದಂಶ ಬಣ್ಣ ಬದಲಿಸುವ ರಾಮನ್ ಪರಿಣಾಮ ಕೈಗೆ ಸಿಕ್ಕಿತು. ಕೆಂಪು ಬೆಳಕನ್ನು ನೀರು ಹೀರಿಕೊಳ್ಳುವುದೂ ಕಡಲ ನೀಲಿಗೆ ದೊಡ್ಡ ಕಾರಣ ಎಂದು ಈಗ ಸ್ಪಷ್ಟವಾಗಿದೆ. ಕಥೆ ರಾಮನ್ ಹೇಳಿದಲ್ಲಿಗೇ ನಿಂತಿಲ್ಲ. ಇದೇ ರಾಮನ್ ಮೃದಂಗವನ್ನೂ ಪ್ರಯೋಗಶಾಲೆಗೆ ತಂದಿದ್ದರು. ಸಾಮಾನ್ಯ ಡೋಲಿನ ಚರ್ಮ ಹೊರಡಿಸುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಹಾಕುವ ಕರಣೆಯ ಭಾರದಿಂದ ಆ ಉಪಸ್ವರಗಳು ಶ್ರುತಿಗೆ ಬಂದು ಕೂಡುತ್ತವೆ ಎಂದು ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಕಂಪನದ ಗೆರೆಗಳಲ್ಲಿ ಕೂಡುವುದನ್ನು ನೋಡಿ ತೋರಿಸಿದರು. ಮೃದಂಗ ಕಟ್ಟುವವರ ಕಿವಿ ತಲೆಮಾರುಗಳ ಹಿಂದೆಯೇ ಅದನ್ನು ಸಾಧಿಸಿತ್ತು. 1948ರ ನಂತರ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಕೂತು, ಮುಪ್ಪಿನಲ್ಲಿ ಅವರು ಕೈಗೆತ್ತಿಕೊಂಡದ್ದು ಹೂಗಳ ಬಣ್ಣ ಮತ್ತು ಕಣ್ಣು ಅದನ್ನು ಕಾಣುವ ಬಗೆ. ಗಯಟೆಯ ಅಂಗಳಕ್ಕೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ರೋಹಿತದರ್ಶಕ ಹಿಡಿದು ಬಂದಂತಾಯಿತು.

ಚಿತ್ರಕಲೆಯ ವಿದ್ಯಾರ್ಥಿಗಳಿಗಾಗಿ ಸ್ಪೇನಿನ ನರವಿಜ್ಞಾನಿ ರಾಮೋನ್ ಇ ಕಹಾಲ್ ಬಗ್ಗೆ ಎರಡು ಮಾತು. ಹುಡುಗನಾಗಿದ್ದಾಗ ಕಲಾವಿದನಾಗಬೇಕು ಎಂದು ಹಂಬಲಿಸಿದವನು. ಅಂಗರಚನೆ ಕಲಿಸುತ್ತಿದ್ದ ತಂದೆ ವೈದ್ಯನನ್ನಾಗಿಸಿದರು. ಇಟಲಿಯ ಗೊಲ್ಜಿ ಕಂಡುಹಿಡಿದ ಕಪ್ಪು ಬಣ್ಣ ಹಾಕುವ ವಿಧಾನ ನರಕೋಶಗಳಲ್ಲಿ ನೂರಕ್ಕೆ ಕೆಲವನ್ನು ಮಾತ್ರ, ಆದರೆ ಅವನ್ನು ಪೂರ್ತಿಯಾಗಿ ತೋರಿಸುತ್ತದೆ. ಗೊಲ್ಜಿ ಅದರಲ್ಲಿ ಒಂದಕ್ಕೊಂದು ಬೆಸೆದ ಬಲೆ ಕಂಡ. ಕಹಾಲ್ 1888ರಿಂದ ಅದೇ ವಿಧಾನ ಹಿಡಿದು, ನೋಡಿ, ನೆನಪಿನಿಂದ ಬರೆದು, ಮತ್ತೆ ಸೂಕ್ಷ್ಮದರ್ಶಕಕ್ಕೆ ಬಂದು ಹೋಲಿಸಿ, ಸಾವಿರಾರು ಚಿತ್ರ ಮಾಡಿದ. ಅವನಿಗೆ ಕಂಡದ್ದು ಬಿಡಿಬಿಡಿಯಾದ ಕೋಶಗಳು. 1906ರಲ್ಲಿ ಇಬ್ಬರಿಗೂ ಸೇರಿಸಿ ನೊಬೆಲ್ ಬಂತು, ಗೊಲ್ಜಿ ತನ್ನ ನೊಬೆಲ್ ಭಾಷಣದಲ್ಲೇ ಕಹಾಲ್‌ನ ವಾದವನ್ನು ಖಂಡಿಸಿದ. ಕೋಶಗಳ ನಡುವಿನ ಸಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1950ರ ದಶಕದಲ್ಲಿ. ಅದಕ್ಕಿಂತ ಬೆರಗಿನ ಸಂಗತಿ: ಬೆಳೆಯುತ್ತಿರುವ ನರತಂತುವಿನ ತುದಿಯ ಉಬ್ಬನ್ನು ಕಹಾಲ್ 1890ರಲ್ಲಿ ಸತ್ತ ಅಂಗಾಂಶದಲ್ಲಿ ನೋಡಿ, ಇದು ಚಲಿಸುತ್ತದೆ, ದಾರಿ ಹುಡುಕುತ್ತದೆ ಎಂದು ಬರೆದ. 1907ರಲ್ಲಿ ಅಮೆರಿಕದ ಜೀವವಿಜ್ಞಾನಿ ರಾಸ್ ಹ್ಯಾರಿಸನ್ ಕಪ್ಪೆ ಭ್ರೂಣದ ನರವನ್ನು ಜೀವಂತವಾಗಿ ಬೆಳೆಸಿದಾಗ ಅದು ಚಲಿಸುವುದನ್ನು ಕಣ್ಣಾರೆ ಕಂಡರು. ನಿಂತ ಚಿತ್ರಗಳ ಸಾಲಿನಿಂದ ಚಲನೆಯನ್ನು ಓದಿದ್ದು ಗಯಟೆಯ ತಾಳೆ ಎಲೆಗಳ ಓದೇ.

ಸಭಿಕರ ಪ್ರಶ್ನೆಗಳು

ಒಬ್ಬರು ಮೇಷ್ಟ್ರು ಕೇಳಿದರು: ಫೋನಿನಲ್ಲಿ ಫೋಟೊ ತೆಗೆದರೆ ಸಾಲದೆ, ಮಕ್ಕಳ ಕೈಲಿ ಚಿತ್ರ ಯಾಕೆ ಬರೆಸಬೇಕು?

ಫೋಟೊ ಬೇಕು ಸರ್, ದಾಖಲೆಗೆ ಅದೇ ಉತ್ತಮ. ಆದರೆ ಫೋಟೊದಲ್ಲಿ ಎಲ್ಲವೂ ಒಟ್ಟಿಗೆ ಬಂದುಬಿಡುತ್ತದೆ, ನೋಡದೇ ಇದ್ದದ್ದೂ ಬರುತ್ತದೆ. ಚಿತ್ರದಲ್ಲಿ ನೋಡದ್ದು ಬರುವುದಿಲ್ಲ. ದಾಸವಾಳದ ಎಲೆ ದಂಟಿಗೆ ಸೇರುವಲ್ಲಿ ಏನಿದೆ ಎಂದು ಬರೆಯಹೊರಟ ಮಗು ಪೆನ್ಸಿಲ್ ಎತ್ತಿ ಮತ್ತೆ ಗಿಡದ ಹತ್ತಿರ ಹೋಗಲೇಬೇಕು. ಚಂದ ಬರೆದದ್ದಕ್ಕೆ ಅಂಕ ಕೊಡಬೇಡಿ. ಎಷ್ಟು ಸಲ ಎದ್ದು ಹೋಗಿ ನೋಡಿತು ಎಂಬುದನ್ನು ಗಮನಿಸಿ. ಕಾಡುಬಸಳೆಯ ಒಂದು ಎಲೆಯನ್ನು ತಟ್ಟೆಯಲ್ಲಿಟ್ಟು ದಿನವೂ ಬರೆಸಿ. ಅಂಚಿನ ಕಚ್ಚುಗಳಲ್ಲಿ ಬೇರು ಇಳಿದು ಪುಟ್ಟ ಗಿಡಗಳು ಏಳುತ್ತವೆ. ಗಯಟೆ ಕೊನೆಗಾಲದಲ್ಲಿ ಈ ಗಿಡಕ್ಕೆ ಮರುಳಾಗಿದ್ದ. ವೈಮರ್‌ನಲ್ಲಿ ಕುಂಡದಲ್ಲಿ ಬೆಳೆಸಿ, ಎಲೆಗಳನ್ನು ಸ್ನೇಹಿತರಿಗೆ ಕಳಿಸುತ್ತಿದ್ದ. 1826ರಲ್ಲಿ ಗೆಳತಿ ಮರಿಯಾನೆ ಫೊನ್ ವಿಲ್ಲೆಮರ್‌ಗೆ ಕಳಿಸಿದ್ದು ಪ್ರಸಿದ್ಧ. ಜರ್ಮನಿಯಲ್ಲಿ ಅದನ್ನು ಈಗಲೂ ಗಯಟೆ ಗಿಡ ಎನ್ನುವವರಿದ್ದಾರೆ.

ಇನ್ನೊಬ್ಬ ವಿದ್ಯಾರ್ಥಿನಿಯ ಪ್ರಶ್ನೆ: ಜೀನು ಕೆಡಿಸಿ ಹೂವನ್ನು ಎಲೆಯಾಗಿಸಿದರು ಅಂದಿರಿ. ಎಲೆಯನ್ನು ಹೂವಾಗಿಸಿದ್ದಾರಾ?

ತುಂಬ ಒಳ್ಳೆಯ ಪ್ರಶ್ನೆ, ನಿಮ್ಮ ಅನುಮಾನವೂ ಸರಿ. ಕೆಡಿಸುವುದರಿಂದ ಅರ್ಧ ಮಾತ್ರ ಸಿದ್ಧವಾಗುತ್ತದೆ. ಎ, ಬಿ, ಸಿ ಗುಂಪಿನ ಜೀನುಗಳನ್ನಷ್ಟೇ ಎಲೆಯಲ್ಲಿ ಕೆಲಸಕ್ಕೆ ಹಚ್ಚಿದಾಗ ಎಲೆ ಹೂವಾಗಲಿಲ್ಲ. ಏನೋ ಒಂದು ಕಡಿಮೆಯಿತ್ತು. 2000ದಲ್ಲಿ ಸೆಪಲ್ಲಾಟಾ ಎಂಬ ಇನ್ನೊಂದು ಜೀನು ಗುಂಪಿನ ಪಾತ್ರ ಗೊತ್ತಾಯಿತು. ಅದನ್ನೂ ಸೇರಿಸಿದಾಗ, 2001ರಲ್ಲಿ, ಜಪಾನ್ ಮತ್ತು ಅಮೆರಿಕದ ಪ್ರಯೋಗಶಾಲೆಗಳಲ್ಲಿ ಅರಬಿಡಾಪ್ಸಿಸ್ ಗಿಡದ ಎಲೆಗಳು ದಳಗಳಾಗಿ ಬೆಳೆದವು. ಹಾಗೆಂದು ದಳದ ಮೂಲರೂಪ ಹಸಿರೆಲೆಯೇ ಎಂದು ಎಲ್ಲರೂ ಒಪ್ಪುವುದಿಲ್ಲ. ಎಲೆ, ದಳ, ಕೇಸರ ಎಲ್ಲವೂ ಕುಡಿಯ ಪಕ್ಕದಲ್ಲಿ ಹುಟ್ಟುವ ಒಂದೇ ಬಗೆಯ ಮೊಳಕೆಯ ಬೇರೆ ಬೇರೆ ಗತಿಗಳು, ಯಾವುದೂ ಇನ್ನೊಂದಕ್ಕೆ ಹಿರಿಯದಲ್ಲ ಎನ್ನುವವರಿದ್ದಾರೆ. ಆ 123 ಪರಿಚ್ಛೇದಗಳ ಕೊನೆಯ ಪುಟಗಳಲ್ಲಿ ಗಯಟೆಯೂ ಇಲ್ಲಿಗೇ ಬಂದಿದ್ದ: ಕೇಸರ ಎಂದರೆ ಕುಗ್ಗಿದ ದಳ ಎನ್ನಬಹುದಾದರೆ, ದಳ ಎಂದರೆ ಹಿಗ್ಗಿದ ಕೇಸರ ಎಂದೂ ಅಷ್ಟೇ ಸರಿಯಾಗಿ ಹೇಳಬಹುದು ಎಂದು ಅವನು ಬರೆದಿದ್ದಾನೆ.